ಮೆಕ್ಕೆಜೋಳದ ದಂಟಿನ ಸೆಕ್ಷನ್ ಕೊಯ್ಯುವುದು ಹೇಗೆ

ಆನಗೋಡು ಕಡೆ ನಮ್ಮ ಹೊಲದಲ್ಲಿ ಮುಂಗಾರು ಬಂತೆಂದರೆ ಮೆಕ್ಕೆಜೋಳವೇ. ಪಿಯುಸಿ ಮಕ್ಕಳು ಬಯಾಲಜಿ ಪ್ರಾಕ್ಟಿಕಲ್‌ಗೆ ಸೆಕ್ಷನ್ (ಮೈಕ್ರೋಸ್ಕೋಪಿನಲ್ಲಿ ನೋಡಲು ಕೊಯ್ದ ತೆಳು ಪದರ) ಕೊಯ್ಯುವುದು ಹೇಳಿಕೊಡಿ ಅಂತ ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಸೊಂಟದೆತ್ತರ ಬೆಳೆದ ಗಿಡ ಸಾಕು. ಬಲಿತ ದಂಟು ಬೇಡ, ಸಿಪ್ಪೆ ಗಟ್ಟಿಯಾಗಿ ಬ್ಲೇಡು ಜಾರುತ್ತದೆ. ಎರಡು ಗೆಣ್ಣಿನ ನಡುವಿನಿಂದ ಒಂದಂಗುಲ ತುಂಡು ತೆಗೆದು ನೀರಲ್ಲಿ ಹಾಕಿ. ಒಣಗಿದರೆ ಕೆಟ್ಟಿತು.

ನಾನು ಪಿಯುಸಿಯಲ್ಲಿ ಇಡೀ ದಂಟನ್ನು ದುಂಡಗೆ ಕೊಯ್ಯಲು ಹೋಗಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅದೂ ಓರೆ. ಇಡೀ ಚಕ್ರ ಬೇಕಾಗಿಯೇ ಇಲ್ಲ. ತುಂಡನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಸಿಪ್ಪೆಯಿಂದ ನಡುವಿನ ಬೆಂಡಿನವರೆಗೆ ಇರುವ ಒಂದು ಸೀಳು ಸಾಕು.

ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ನೆಟ್ಟಗೆ ಹಿಡಿಯಿರಿ. ಹೆಬ್ಬೆರಳು ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ರಕ್ತ ಬರುವುದು ಖಂಡಿತ. ಹೊಸ ಬ್ಲೇಡನ್ನು ನೀರಲ್ಲಿ ಅದ್ದಿ, ನಿಮ್ಮ ಕಡೆಗೆ ಒಂದೇ ಸಲಕ್ಕೆ ಎಳೆಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಸುಮ್ನೆ ಇಪ್ಪತ್ತು ಕೊಯ್ದು ನೀರಿಗೆ ಬಿಡಿ. ಪೇಪರ್ ಮೇಲಿಟ್ಟರೆ ಕೆಳಗಿನ ಅಕ್ಷರ ಕಾಣುವಂಥದ್ದನ್ನು ಬ್ರಷ್‌ನಿಂದ ಎತ್ತಿ.

ಎರಡು ನಿಮಿಷ ಕೆಂಪು ಬಣ್ಣ ಹಿಡಿಸುವ ಸ್ಯಾಫ್ರನಿನ್‌ನಲ್ಲಿಟ್ಟು ನೀರಲ್ಲಿ ತೊಳೆಯಿರಿ. ಲಿಗ್ನಿನ್ (ಗಿಡಕ್ಕೆ ಗಟ್ಟಿತನ ಕೊಡುವ ವಸ್ತು) ಇರುವ ಜೀವಕೋಶದ ಗೋಡೆಗಳು ಕೆಂಪಾಗಿ ಉಳಿಯುತ್ತವೆ. ಸ್ಲೈಡ್ ಮೇಲೆ ಒಂದು ಹನಿ ಗ್ಲಿಸರಿನ್, ಅದರಲ್ಲಿ ಸೆಕ್ಷನ್. ಕವರ್ ಸ್ಲಿಪ್ ಅನ್ನು ಸೂಜಿಯ ಮೇಲೆ ಓರೆಯಾಗಿಟ್ಟು ನಿಧಾನ ಇಳಿಸಿದರೆ ಗುಳ್ಳೆ ಬರುವುದಿಲ್ಲ.

ಈಗ ಮೈಕ್ರೋಸ್ಕೋಪಿನಲ್ಲಿ ನೋಡಿ. ಬೆಂಡಿನ ತುಂಬ ಎರಚಿದಂತೆ ನಾಳಕೂರ್ಚಗಳು, ಅಂದರೆ ನೀರು, ಆಹಾರ ಸಾಗಿಸುವ ಕೊಳವೆಗಳ ಕಟ್ಟುಗಳು. ಸಿಪ್ಪೆಯ ಹತ್ತಿರ ಚಿಕ್ಕವು, ಜಾಸ್ತಿ. ಒಳಗೆ ದೊಡ್ಡವು, ಕಡಿಮೆ. ಒಂದನ್ನು ಹತ್ತಿರ ತನ್ನಿ, ಥೇಟ್ ಕೋತಿ ಮುಖ! ಎರಡು ಕಣ್ಣು ನೀರು ಸಾಗಿಸುವ ದೊಡ್ಡ ಕ್ಸೈಲಮ್ ನಾಳಗಳು, ಬಾಯಿ ಅಂದರೆ ಹಳೆಯ ಕ್ಸೈಲಮ್ ಹರಿದು ಆದ ಖಾಲಿ ಜಾಗ, ಹಣೆ ಆಹಾರ ಸಾಗಿಸುವ ಫ್ಲೋಯಮ್. ಸುತ್ತ ಸ್ಕ್ಲೆರೆಂಕೈಮದ (ಗಟ್ಟಿ ಗೋಡೆಯ ಜೀವಕೋಶಗಳ) ಕೆಂಪು ಅಂಚು. ಹಣೆ ಸಾಮಾನ್ಯವಾಗಿ ಸಿಪ್ಪೆಯ ಕಡೆಗೇ ಇರುತ್ತದೆ. ಚಿತ್ರ ಬರೆಯುವಾಗ ಮಕ್ಕಳು ತಲೆಕೆಳಗೆ ಮಾಡುವುದು ಇಲ್ಲೇ.

ಕ್ಸೈಲಮ್, ಫ್ಲೋಯಮ್ ನಡುವೆ ಕ್ಯಾಂಬಿಯಮ್ (ಹೊಸ ಜೀವಕೋಶ ಹುಟ್ಟಿಸಿ ದಂಟನ್ನು ದಪ್ಪ ಮಾಡುವ ಪದರ) ಹುಡುಕಬೇಡಿ, ಮೆಕ್ಕೆಜೋಳದಲ್ಲಿ ಅದಿಲ್ಲ. ಅದನ್ನು ನೋಡಬೇಕಾದರೆ ಸೂರ್ಯಕಾಂತಿ ತನ್ನಿ. ಅಲ್ಲಿ ನಾಳಕೂರ್ಚಗಳು ಉಂಗುರದ ಹಾಗೆ ಸಾಲಾಗಿ ನಿಂತಿರುತ್ತವೆ. ಎಳೆ ದಂಟಾದರೆ ಸೀಳುವುದೂ ಬೇಡ, ಹಾಗೇ ಬೆರಳ ನಡುವೆ ಕೂರುತ್ತದೆ.