ಕಟ್ಟಡ ಕೆಲಸ ಕಲಿಯುವವರಿಗೆ ಮೊಬೈಲ್ ಆಟದಿಂದ ಮಾತಿನ ತರಬೇತಿ

ಪುಣೆಯ ಹಿಂಜವಡಿ, ವಾಘೋಲಿ ಕಡೆಯ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಹುಡುಗರು ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಾರೆ. ಕರಣೆ ಹಿಡಿಯುವುದು ಅವರಿಗೆ ಬೇಗ ಬರುತ್ತದೆ. ಆದರೆ ಗೋಡೆ ನೆಟ್ಟಗಿದೆಯೇ ಎಂದು ನೋಡುವ, ಕನ್ನಡದ ತೂಗುಗುಂಡು ಮರಾಠಿಯಲ್ಲಿ ಒಳಂಬಾ ಆಗುವ, ನಕ್ಷೆಯಲ್ಲಿ 12 ಮಿ.ಮೀ. ಎಂದಿರುವ ಕಬ್ಬಿಣದ ಸರಳನ್ನು ಮೇಸ್ತ್ರಿ ‘ನಾಲ್ಕು ಸೂತು’ (ಸೂತೆಂದರೆ ಇಂಚಿನ ಎಂಟನೇ ಒಂದು ಭಾಗ) ಎಂದು ಕರೆಯುವ ಜಾಗದಲ್ಲಿ, ಅರ್ಥವಾಗದಿದ್ದಾಗ ಮತ್ತೊಮ್ಮೆ ಕೇಳುವ ಧೈರ್ಯ ಬರುವುದು ತಡ. ಬೈಗುಳಕ್ಕೆ ಹೆದರಿ ತಲೆಯಾಡಿಸಿದ ಹುಡುಗ ಮರುದಿನ ತಾನೇ ಕಟ್ಟಿದ ಸರಳನ್ನು ಬಿಚ್ಚಬೇಕಾಗುತ್ತದೆ. ತಪ್ಪಿದರೂ ಸಿಮೆಂಟು ಹಾಳಾಗದ, ಯಾರಿಗೂ ಪೆಟ್ಟಾಗದ ಅಭ್ಯಾಸಕ್ಕೆ ಆಟ ಒಳ್ಳೆಯ ಸಾಧನ.

ಒಬ್ಬನಿಗೆ ಕಾಣುವುದು ಇನ್ನೊಬ್ಬನಿಗೆ ಕಾಣದಂಥ ಆಟ ಬೇಕು. 2015ರಲ್ಲಿ ಬಂದ ‘ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’ ಇದೇ ತತ್ತ್ವದ್ದು: ಒಬ್ಬ ಪರದೆಯ ಮೇಲಿನ ಬಾಂಬನ್ನು ನೋಡುತ್ತಾನೆ, ಉಳಿದವರು ಕೈಪಿಡಿ ಓದಿ ದಾರಿ ಹೇಳುತ್ತಾರೆ. ಆದರೆ ಓದುವ ಭಾರ ಹೆಚ್ಚಿರುವುದರಿಂದ ಶಾಲೆಯನ್ನು ಅರ್ಧಕ್ಕೇ ಬಿಟ್ಟವರಿಗೆ ಅದು ಒಗ್ಗದು. ಇಟ್ಟಿಗೆಯಂಥ ಚೌಕಗಳನ್ನು ಜೋಡಿಸುವ ‘ಲುವಾಂಟಿ’ ನನ್ನ ಆಯ್ಕೆ. 2024ರವರೆಗೆ ಮೈನ್‌ಟೆಸ್ಟ್ ಎಂದು ಕರೆಸಿಕೊಳ್ಳುತ್ತಿದ್ದ ಇದು ಉಚಿತ, ಆಂಡ್ರಾಯ್ಡ್ ಫೋನಿನಲ್ಲಿ ನಡೆಯುತ್ತದೆ, ಆ್ಯಪನ್ನೂ ಅದರೊಳಗಿನ ಒಂದು ಆಟವನ್ನೂ ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಆಡಬಹುದು.

ಬಾಗಿಲು, ಕಿಟಕಿಯಿರುವ ಒಂದು ಗೋಡೆಯನ್ನು ಚೌಕುಳಿ ಹಾಳೆಯ ಮೇಲೆ ಬರೆದಿಡಿ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬನಿಗೆ ಹಾಳೆಯನ್ನೂ ಇನ್ನೊಬ್ಬನಿಗೆ ಫೋನನ್ನೂ ಕೊಟ್ಟು, ಹತ್ತು ನಿಮಿಷದ ಗಡುವು ಹಾಕಿ. ಹಾಳೆಯವನು ಹೇಳಿದಂತೆ ಫೋನಿನವನು ಆಟದಲ್ಲಿ ಗೋಡೆ ಕಟ್ಟಬೇಕು. ಮೊದಲ ಸುತ್ತಿನಲ್ಲಿ ಕಟ್ಟುವವನು ಬಾಯಿ ತೆರೆಯುವಂತಿಲ್ಲ. ಗೋಡೆ ಸೊಟ್ಟಗಾಗುವುದು ಬಹುತೇಕ ಖಚಿತ, ಆಗಲಿ ಬಿಡಿ. ಎರಡನೆಯ ಸುತ್ತಿನಲ್ಲಿ ಪ್ರಶ್ನೆ ಕೇಳಬಹುದು. ಮೂರನೆಯದರಲ್ಲಿ, ಕೇಳಿದ ಪ್ರತಿಯೊಂದು ಸೂಚನೆಯನ್ನೂ ತನ್ನ ಮಾತಿನಲ್ಲಿ ಮರಳಿ ಹೇಳಿ, ಎದುರಿನವನು ಹೌದೆಂದ ಮೇಲೆಯೇ ಚೌಕ ಇಡಬೇಕು. ಈ ಮರಳಿ ಹೇಳುವ ರೂಢಿಯೇ ಇಡೀ ತರಬೇತಿಯ ತಿರುಳು, ಆದ್ದರಿಂದ ಹೆಚ್ಚಿನ ಸಮಯವನ್ನು ಈ ಸುತ್ತಿಗೇ ಕೊಡಿ.

ಅವರ ಮಾತನ್ನು ಇನ್ನೊಂದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಗೋಡೆಯನ್ನು ಹಾಳೆಯ ಪಕ್ಕಕ್ಕಿಟ್ಟು, ತಪ್ಪಿದ ಜಾಗಕ್ಕೆ ಸಂಬಂಧಿಸಿದ ಮಾತನ್ನು ಎಲ್ಲರಿಗೂ ಕೇಳಿಸಿ. ‘ಈ ಕಡೆ’, ‘ಸ್ವಲ್ಪ ಮೇಲೆ’ ಎಂಬ ಮಾತುಗಳೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಯಾರದು ತಪ್ಪು ಎಂದು ಕೇಳಬೇಡಿ. ಯಾವ ಮಾತು ಎರಡರ್ಥ ಕೊಟ್ಟಿತು, ಅದರ ಬದಲು ಏನೆನ್ನಬಹುದಿತ್ತು ಎಂದು ಕೇಳಿ.

ಜೋಡಿ ಪಳಗಿದ ಮೇಲೆ ಮಿಕ್ಸರ್ ಯಂತ್ರದ ಸದ್ದನ್ನು ಹಾಕಿ ಆಡಿಸಿ, ಕನ್ನಡದವನಿಗೆ ಮರಾಠಿ ಅಥವಾ ಹಿಂದಿಯವನನ್ನು ಜೊತೆ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೇಸ್ತ್ರಿಯ ಕೈಗೇ ಫೋನು ಕೊಟ್ಟು ಹುಡುಗನಿಂದ ಹೇಳಿಸಿ. ಎದುರಿನವನ ಮನಸ್ಸಿನಲ್ಲಿರುವ ಚಿತ್ರ ತನಗೆ ಕಾಣದಿದ್ದಾಗ ಎಷ್ಟು ಕಷ್ಟವೆಂಬುದು ಹಿರಿಯರಿಗೆ ಆಗಲೇ ಮನದಟ್ಟಾಗುವುದು, ಮರುಪ್ರಶ್ನೆಗೆ ಅವರು ಸಿಟ್ಟಾಗುವುದೂ ಅಲ್ಲಿಂದಲೇ ಕಡಿಮೆಯಾಗುತ್ತದೆ.

ಆಟ ಊಟದ ಬಿಡುವಿನಲ್ಲಿ, ನೆರಳಿನಲ್ಲಿ ಮಾತ್ರ ನಡೆಯಲಿ. ಸ್ಲ್ಯಾಬಿನ ಮೇಲೆ ಫೋನು ಬೇಡ. ಕ್ರೇನಿನ ಕೈಸನ್ನೆಗಳನ್ನು ಆಟದಿಂದ ಕಲಿಸಲು ಹೋಗಬೇಡಿ, ಅವನ್ನು ತರಬೇತಿ ಪಡೆದ ಸಿಗ್ನಲ್‌ಮ್ಯಾನ್‌ನಿಂದಲೇ ಕಲಿಯಬೇಕು. ಆಟದ ಮರುದಿನ ಬೆಳಿಗ್ಗೆ ಕೆಲಸ ಹಂಚುವಾಗ ಮೇಸ್ತ್ರಿ ಒಂದು ಗಳಿಗೆ ನಿಂತು, “ಮೇಸ್ತ್ರಿ, ನಾಲ್ಕು ಸೂತಿನ ಸರಳು, ಆರು ಇಂಚಿಗೊಂದು ರಿಂಗು, ಹೌದಲ್ರೀ?” ಎಂದು ಹುಡುಗ ಕೇಳುವವರೆಗೆ ಕಾಯಲಿ.