ಹಾಲೆಂಡಿಗೆ ಬರುವ ನಮ್ಮ ಕಡೆಯ ಜೋಡಿಗಳಿಗೆ: ಹಬ್ ಗೇರಿನ ಸೈಕಲ್ ಹೇಗೆ ಆರಿಸಬೇಕು

ಈ ಸಲ ರಜೆಗೆ ಕೊಪ್ಪಳಕ್ಕೆ ಬರುವಾಗ ನಮ್ಮ ಎರಡೂ ಸೈಕಲ್‌ಗಳನ್ನು ರಟ್ಟಿನ ಡಬ್ಬಿಗೆ ತುಂಬಿ ವಿಮಾನದಲ್ಲೇ ತಂದೆವು. ಪಕ್ಕದ ಮನೆಯ ಹುಡುಗ ಮತ್ತು ಅವನ ಹೆಂಡತಿ ಮುಂದಿನ ತಿಂಗಳು ಹಾಲೆಂಡಿಗೆ ಹೊರಟಿದ್ದಾರೆ. ಅಂಗಳದಲ್ಲಿ ನಿಂತ ಸೈಕಲ್ ನೋಡಿ ಆ ಹುಡುಗಿ ಕೇಳಿದಳು: "ಅಕ್ಕಾ, ಗೇರಿನ ಸೈಕಲ್ ಅಂದ್ರಿ, ಗೇರ್ ಎಲ್ಲಿ ಅದಾವ್ರಿ?" ಹಿಂದೆ ಇರುವುದು ಒಂದೇ ಹಲ್ಲುಚಕ್ರ. ಥೇಟ್ ಹಾಲು ಹಾಕುವವರ ಸೈಕಲ್ ಇದ್ದಂಗೆ. ಅವರಿಬ್ಬರಿಗೆ ಹೇಳಿದ್ದನ್ನೇ ಇನ್ನು ಮುಂದೆ ಬರುವವರಿಗೂ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹಾಲೆಂಡಿಗೆ ಬಂದ ವಾರವೇ ದುಬಾರಿ ಸೈಕಲ್ ಕೊಳ್ಳಬೇಡಿ. ನಾನು ಯೂಟ್ರೆಕ್ಟ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಅಲ್ಲಿ ಪ್ರತಿಯೊಬ್ಬರಿಗೂ ಸ್ಟೇಷನ್ನಿಗೆ ಹೋಗಲು ಒಂದು ಹಳೇ ಸೈಕಲ್ ಬೇಕೇ ಬೇಕು. ಅದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಆದರೆ ಕದ್ದ ಮಾಲು ಅಲ್ಲ ಅಂತ ಫ್ರೇಮ್ ನಂಬರ್ ಹಾಕಿ ನೋಡಿಕೊಂಡು ತಗೊಳ್ಳಿ. ಒಂದು ಚಳಿಗಾಲ ಅದರಲ್ಲೇ ಓಡಾಡಿ. ಮಳೆ, ಗಾಳಿ, ನಿಮ್ಮ ಮಂಡಿ, ಸೊಂಟ ಎಲ್ಲದರ ಗುಣ ಗೊತ್ತಾಗುತ್ತದೆ. ಊರೂರು ಸುತ್ತುವ ಸೈಕಲ್ ವಿಚಾರ ಆಮೇಲೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಗೇರ್ ಇರುವುದು ಹಿಂದಿನ ಚಕ್ರದ ಹಬ್ಬಿನ, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಗುಂಬದ, ಹೊಟ್ಟೆಯೊಳಗೆ. ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ಸೂರ್ಯನ ಸುತ್ತ ಗ್ರಹ ತಿರುಗಿದ ಹಾಗೆ ತಿರುಗುವ ಸಣ್ಣ ಚಕ್ರಗಳು, ಹೊರಗೆ ಒಂದು ಹಲ್ಲಿನ ಬಳೆ. ಇವುಗಳಲ್ಲಿ ಯಾವುದನ್ನು ಹಿಡಿದು ಯಾವುದನ್ನು ಬಿಡುತ್ತದೆ ಅನ್ನೋದರ ಮೇಲೆ ಗೇರ್ ಹಗುರ ಆಗುತ್ತದೆ, ಇಲ್ಲಾ ಭಾರ ಆಗುತ್ತದೆ. ಇದೇನು ಹೊಸದಲ್ಲ. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ ಬಂದದ್ದು 1902ರಲ್ಲಿ. ಚೈನು ಅತ್ತಿತ್ತ ಜಿಗಿಯುವುದಿಲ್ಲವಾದ್ದರಿಂದ ಅದಕ್ಕೆ ಪೂರ್ತಿ ಚೈನ್ ಕವರ್ ಹಾಕಬಹುದು. ಸೀರೆ, ಚೂಡಿದಾರ, ಪ್ಯಾಂಟು ಯಾವುದಕ್ಕೂ ಎಣ್ಣೆ ಹತ್ತುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಲ್ಲೇ ಗೇರ್ ಬದಲಿಸಬಹುದು. ಓಡುವಾಗ ಬದಲಿಸುವುದಾದರೆ ಮಾತ್ರ ಪೆಡಲ್ ಮೇಲಿನ ಒತ್ತು ಒಂದು ಕ್ಷಣ ಸಡಿಲ ಮಾಡಿ.

ಅಂಗಡಿಗೆ ಹೋದರೆ ಎಂಟು ಗೇರು, ಹನ್ನೊಂದು ಗೇರು, ಹದಿನಾಲ್ಕು ಗೇರು ಅಂತ ಎಣಿಸಿ ಹೇಳುತ್ತಾರೆ. ಆ ಎಣಿಕೆಗೆ ಮರುಳಾಗಬೇಡಿ. ಎಲ್ಲಕ್ಕಿಂತ ಹಗುರ ಗೇರ್ ಎಷ್ಟು ಹಗುರ ಅಂತ ಕೇಳಿ. ನೀವೇ ಅಳೆಯಲೂ ಬರುತ್ತದೆ. ಒಂದನೇ ಗೇರಿಗೆ ಹಾಕಿ, ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿಸಿ, ಸೈಕಲ್ ಎಷ್ಟು ದೂರ ಹೋಯಿತು ಅಂತ ಟೇಪ್ ಹಿಡಿದು ನೋಡಿ. ನಮ್ಮೂರ ಗೇರಿಲ್ಲದ ಸೈಕಲ್ ಒಂದು ಸುತ್ತಿಗೆ ಐದು ಮೀಟರ್ ಆಸುಪಾಸು ಹೋಗುತ್ತದೆ. ಶಿಮಾನೊ ನೆಕ್ಸಸ್ ಎಂಟು ಗೇರಿನ ಹಬ್ಬಿಗೆ ಮುಂದೆ 38 ಹಲ್ಲು, ಹಿಂದೆ 20 ಹಲ್ಲು ಇದ್ದರೆ ಹಗುರ ಗೇರಿನಲ್ಲಿ ಸುಮಾರು 2.2 ಮೀಟರ್. ಜರ್ಮನಿಯ ರೋಲಾಫ್ ಹದಿನಾಲ್ಕು ಗೇರಿನ ಹಬ್ಬಿಗೆ ಮುಂದೆ 42, ಹಿಂದೆ 17 ಹಲ್ಲು ಇದ್ದರೆ ಸುಮಾರು ಒಂದೂವರೆ ಮೀಟರ್. ಸಂಖ್ಯೆ ಕಮ್ಮಿ ಆದಷ್ಟೂ ಏರು ಹತ್ತುವುದು ಸಲೀಸು.

ಇದನ್ನು ನಾವು ಕಲಿತದ್ದು ಮಾನ ಕಳಕೊಂಡು. ನಮ್ಮ ಮನೆಯಲ್ಲಿ ಹಿಂದೆ ಬೀಳುವವರು ಯಜಮಾನರು, ನಾನಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ ವರ್ಷವೇ ನಾನು ಎಂಟನೇ ತರಗತಿಯಲ್ಲಿದ್ದೆ. ಅವತ್ತಿನಿಂದ ಕಾಲಿಗೆ ರೂಢಿ. ಅವರು ಕಾಲೇಜಿಗೆ ಬಂದ ಮೇಲೆ ಬೈಕ್ ಬಿಟ್ಟು ಇಳಿದವರಲ್ಲ. ಹಾಲೆಂಡ್ ಅಂದರೆ ಅಂಗೈಯಷ್ಟು ಸಪಾಟು ಅಂತ ಅವರು ಏಳು ಗೇರಿನ ಊರಾಡುವ ಸೈಕಲ್ ತಗೊಂಡರು. ಒಂದು ರಜೆಗೆ ದಕ್ಷಿಣದ ಲಿಂಬುರ್ಗ್ ಕಡೆ ಹೋದೆವು. ಅಲ್ಲಿ ಕಾವ್‌ಬೆರ್ಗ್ ಅಂತ ಒಂದು ಏರು ಇದೆ, 12 ಪರ್ಸೆಂಟ್ ತನಕ, ಅಂದರೆ ನೂರು ಮೀಟರ್ ಮುಂದೆ ಹೋದರೆ ಹನ್ನೆರಡು ಮೀಟರ್ ಮೇಲಕ್ಕೆ. ಬ್ಯಾಗು ತುಂಬಿದ ಸೈಕಲನ್ನು ಅವರು ಬುಡದಿಂದ ತುದಿತನಕ ತಳ್ಳಿಕೊಂಡು ಬಂದರು. ಮೇಲೆ ಬಂದ ಮೇಲೆ ಅರ್ಧ ತಾಸು ಇಬ್ಬರಿಗೂ ಮಾತಿಲ್ಲ.

ಜೋಡಿಯಲ್ಲಿ ಸುಸ್ತಾಗುವವರು ಯಾರು ಅಂತ ಮೊದಲು ಮನೆಯಲ್ಲಿ ಕೂತು ಒಪ್ಪಿಕೊಳ್ಳಿ. ಗೇರ್ ಆರಿಸಬೇಕಾದ್ದು ಅವರ ಕಾಲಿಗೆ. ಬಲ ಇರುವವರು ಹೇಗೂ ಹೋಗುತ್ತಾರೆ. ಸಪಾಟಿನಲ್ಲಿ ಎದುರುಗಾಳಿ ಇದ್ದರೆ ಬಲ ಇರುವವರು ಮುಂದೆ, ಇನ್ನೊಬ್ಬರು ಅವರ ಮರೆಯಲ್ಲಿ. ಏರು ಬಂದರೆ ಕಮ್ಮಿ ಬಲದವರು ಮುಂದೆ ಹೋಗಲಿ, ಅವರ ವೇಗಕ್ಕೆ ನೀವು ಹೊಂದಿಕೊಳ್ಳಿ. ಮೇಲೆ ಹೋಗಿ ನಿಂತು ಕಾಯುತ್ತಾ ಗಡಿಯಾರ ನೋಡಬೇಡಿ, ಜಗಳ ಶುರುವಾಗುವುದೇ ಅಲ್ಲಿ.

ಇಬ್ಬರಿಗೂ ಒಂದೇ ಜಾತಿಯ ಹಬ್, ಒಂದೇ ಅಳತೆಯ ಟೈರ್, ಒಂದೇ ತರಹದ ಬ್ರೇಕ್ ಇರಲಿ. ಆಗ ಒಂದು ಟ್ಯೂಬು, ಒಂದು ಗೇರ್ ಕೇಬಲ್, ಒಂದು 15 ನಂಬರ್ ಪಾನಾ ಇಬ್ಬರಿಗೂ ಸಾಕು. ಫ್ರೇಮ್ ಮಾತ್ರ ಅವರವರ ಎತ್ತರಕ್ಕೆ. ನಡುವೆ ಅಡ್ಡ ಪೈಪ್ ಇಲ್ಲದ ಸೈಕಲ್ ಹೆಂಗಸರಿಗೆ ಮಾತ್ರ ಅಂತ ನಮ್ಮ ಗಂಡಸರು ಮುಖ ತಿರುಗಿಸುತ್ತಾರೆ. ಹಿಂದೆ ಹೊರೆ ಇದ್ದಾಗ ಕಾಲು ಎತ್ತಿ ದಾಟಿಸಲು ಹೋಗಿ ಒಮ್ಮೆ ಬಿದ್ದರೆ ಆ ಬಿಗುಮಾನ ಹೋಗುತ್ತದೆ.

ನಾವು ಆಮೇಲೆ ತಗೊಂಡದ್ದು ಇಬ್ಬರಿಗೂ ಎಂಟು ಗೇರಿನದು. ಹಿಂದೆ ಇದ್ದ 18 ಹಲ್ಲಿನ ಚಕ್ರ ತೆಗೆಸಿ 20ರದು ಹಾಕಿಸಿದೆವು, ಹಿಂದಿನ ಹಲ್ಲು ಹೆಚ್ಚಾದಷ್ಟೂ ಗೇರ್ ಹಗುರ. ಸಣ್ಣ ಖರ್ಚು, ಸಿಕ್ಕ ಸುಖ ದೊಡ್ಡದು. ಹಾಗಂತ ಮನಸ್ಸಿಗೆ ಬಂದಷ್ಟು ಹಗುರ ಮಾಡಿಸಬೇಡಿ. ಹಬ್ಬಿನ ಒಳಗೆ ಬೀಳುವ ಒತ್ತಡಕ್ಕೆ ಕಂಪನಿಯವರು ಮಿತಿ ಹಾಕಿರುತ್ತಾರೆ, ಅಂಗಡಿಯಲ್ಲಿ ಕೇಳಿಕೊಳ್ಳಿ. ಆಲ್ಪ್ಸ್ ಬೆಟ್ಟ ಹತ್ತುವ ಹುಚ್ಚು ಇಬ್ಬರಿಗೂ ಇದ್ದರೆ ಮಾತ್ರ ರೋಲಾಫ್ ಕಡೆ ನೋಡಿ. ಹಬ್ ಒಂದಕ್ಕೇ ಸಾವಿರ ಯೂರೋ ಮೇಲೆ. 5000 ಕಿಲೋಮೀಟರಿಗೊಮ್ಮೆ, ಇಲ್ಲಾ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಏಳನೇ ಗೇರ್ ತನಕ ಸ್ವಲ್ಪ ಗುರ್ ಅನ್ನುತ್ತದೆ, ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ಚೈನ್ ಬದಲು ರಬ್ಬರ್ ಬೆಲ್ಟ್ ಇರುವುದೂ ಸಿಗುತ್ತದೆ. ಎಣ್ಣೆ ಬೇಡ, ಸದ್ದಿಲ್ಲ. ನಮಗೆ ಬೇಡ ಅನಿಸಿತು. ಬೆಲ್ಟ್ ಹರಿದರೆ ಕೊಪ್ಪಳದಲ್ಲಿ ಯಾರನ್ನು ಕೇಳುವುದು?

ಇನ್ನೊಂದನ್ನು ಮರೆಯಬಾರದು. ಹಾಲೆಂಡಿನ ಎಷ್ಟೋ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ನಮಗೆ ಪೆಡಲ್ ಸುಮ್ನೆ ಹಿಂದಕ್ಕೆ ತಿರುಗಿಸುವ ಅಭ್ಯಾಸ ಅಲ್ವಾ? ಮೊದಲ ದಿನವೇ ನಡುರಸ್ತೆಯಲ್ಲಿ ಗಕ್ಕನೆ ನಿಂತು, ಹಿಂದಿನವರಿಂದ ಡಚ್ ಬೈಗುಳ ಕಲಿತೆ. ಒಂದೇ ಹಬ್ ಈ ಬ್ರೇಕ್ ಇರುವ, ಇಲ್ಲದ ಎರಡೂ ರೂಪದಲ್ಲಿ ಬರುತ್ತದೆ. ದೂರದ ಪ್ರವಾಸಕ್ಕೆ ಇಲ್ಲದ್ದನ್ನೇ ಕೇಳಿ. ಉದ್ದನೆಯ ಇಳಿಜಾರಿನಲ್ಲಿ ಈ ಪೆಡಲ್ ಬ್ರೇಕ್ ಬಿಸಿಯಾಗುತ್ತದೆ.

ಹಬ್ ಗೇರಿನ ದೊಡ್ಡ ತಲೆನೋವು ಹಿಂದಿನ ಚಕ್ರ ಬಿಚ್ಚುವುದು. ನಟ್ಟು ಸಡಿಲಿಸಬೇಕು, ಗೇರ್ ಕೇಬಲ್ ಕಳಚಬೇಕು. ಮತ್ತೆ ಹಾಕಿದ ಮೇಲೆ ನೆಕ್ಸಸ್ ಎಂಟರಲ್ಲಿ ನಾಲ್ಕನೇ ಗೇರಿಗೆ ಇಟ್ಟು, ಹಬ್ಬಿನ ಮೇಲಿನ ಎರಡು ಹಳದಿ ಗೆರೆಗಳು ಒಂದಕ್ಕೊಂದು ಕೂಡುತ್ತವೆಯೇ ನೋಡಬೇಕು. ಕೂಡದಿದ್ದರೆ ಕೇಬಲ್ ಬಿಗಿ ಸರಿ ಮಾಡಬೇಕು. ಆದರೆ ಪಂಕ್ಚರಿಗೆ ಇಷ್ಟೆಲ್ಲ ಬೇಡ ಅಂತ ತೋರಿಸಿಕೊಟ್ಟವರು ಕೊಪ್ಪಳ ಬಸ್ ಸ್ಟ್ಯಾಂಡ್ ಕಡೆಯ ಪಂಕ್ಚರ್ ಅಂಗಡಿಯ ಅಜ್ಜ. ಒಂದು ಬೆಳಗ್ಗೆ ಇಟಗಿಗೆ ಹೋಗಿದ್ದೆವು. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ನೋಡಿ, ಒಗ್ಗರಣಿ ಮಿರ್ಚಿ ತಿಂದು ಬರುವಾಗ ಹಿಂದಿನ ಟೈರ್ ಮೆತ್ತಗಾಯಿತು. ಪಂಪ್ ಹೊಡೆಯುತ್ತಾ ಊರು ಮುಟ್ಟಿದೆವು. ಅಜ್ಜ ಚಕ್ರ ಬಿಚ್ಚಲೇ ಇಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆದು ನೀರಿನ ಬುಟ್ಟಿಗೆ ಅದ್ದಿ, ತೇಪೆ ಹಚ್ಚಿ ಒಳಗೆ ತುರುಕಿದರು. ಒಂಬತ್ತು ವರ್ಷ ನಾನು ಪಾನಾ ಹಿಡಿದು ಒದ್ದಾಡಿದ್ದು ಸುಮ್ನೆ.

ಟೈರಿನಲ್ಲಿ ಸಿಕ್ಕಿದ್ದು ಜಾಲಿಮುಳ್ಳು. ಆ ಗಿಡಕ್ಕೆ ಹೆಸರೇ ಬಳ್ಳಾರಿ ಜಾಲಿ, ನಮ್ಮ ಸೀಮೆಗೆ ಸೈಕಲ್ ತರುವವರು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಅಂತ ಒಳಗೆ 5 ಮಿಲಿಮೀಟರ್ ರಬ್ಬರ್ ಪದರ ಇರುವ ಟೈರ್ ಬರುತ್ತದೆ. ಭಾರ ಜಾಸ್ತಿ, ಚಿಂತೆ ಕಮ್ಮಿ. ಅದನ್ನು ಹಾಲೆಂಡಿನಿಂದಲೇ ಹಾಕಿಸಿಕೊಂಡು ಬನ್ನಿ. ಇಲ್ಲಿ 28 ಇಂಚಿನ ಟೈರ್ ಸಿಗುತ್ತದೆ ಅಂತ ಧೈರ್ಯದಿಂದ ಬರಬೇಡಿ. ನಮ್ಮ ಹಳೇ ಸೈಕಲ್ಲಿನ 28 ಇಂಚು ಅಂದರೆ 635 ಮಿಲಿಮೀಟರ್, ಅಲ್ಲಿನದು 622. ಹೆಸರು ಒಂದೇ, ರಿಮ್ ಬೇರೆ. ಟೈರಿನ ಬದಿಯಲ್ಲಿ ಬರೆದ ಆ ಮೂರು ಅಂಕಿ ನೋಡಿಯೇ ತಗೊಳ್ಳಿ.

ಕೊಳ್ಳುವ ದಿನ ಇಬ್ಬರೂ ಹೋಗಿ. ಒಬ್ಬರು ಆರಿಸಿ ಇನ್ನೊಬ್ಬರಿಗೆ ಅಚ್ಚರಿ ಕೊಡುವ ವಸ್ತು ಇದಲ್ಲ. ಶನಿವಾರ ಗದ್ದಲ, ವಾರದ ನಡುವೆ ಬೆಳಗ್ಗೆ ಹೋಗಿ. ಅಂಗಡಿಯಲ್ಲಿ "ನಾಫ್" ಅಂದರೆ ಹಬ್. ಆಫೀಸಿನಲ್ಲಿ ಸೈಕಲ್ಲಿಗೆ ತೆರಿಗೆ ಉಳಿಸುವ ಯೋಜನೆ ಇದೆಯೇ ಅಂತ ಮೊದಲೇ ವಿಚಾರಿಸಿ. ಖಾಲಿ ಸೈಕಲ್ ಮೇಲೆ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳಬೇಡಿ. ನಾವು ಮನೆಯಲ್ಲಿದ್ದ ಹತ್ತು ಕಿಲೋ ಅಕ್ಕಿ ಚೀಲ ಒಯ್ದು ಕ್ಯಾರಿಯರಿಗೆ ಬಿಗಿದು, ಹತ್ತಿರದ ಕಾಲುವೆ ಸೇತುವೆಯನ್ನು ನಾಲ್ಕು ಸಲ ಹತ್ತಿಸಿ ಇಳಿಸಿದೆವು. ಅಂಗಡಿಯವರು ನಕ್ಕರು. ಯಜಮಾನರು ಮೂರನೇ ಸಲಕ್ಕೆ ಕೂತೇ ಹತ್ತಿದರು, ಆಗ ದುಡ್ಡು ಕೊಟ್ಟೆವು.