ಅಪಾರ್ಟ್‌ಮೆಂಟಿನಲ್ಲಿ ಫೈನ್ ಹಾಕುವ ಮೊದಲು ಇಷ್ಟು ನೋಡಿ

ಯಾರೋ ಹಸಿ ಕಸ, ಒಣ ಕಸ ಒಟ್ಟಿಗೆ ಸುರಿದು ಹೋಗಿದ್ದಾರೆ. ಗ್ರೂಪಿಗೆ ಫೋಟೊ ಬರುತ್ತದೆ. ಒಬ್ಬರು 'ನೂರು ರೂಪಾಯಿ ಫೈನ್ ಹಾಕಿ, ಬುದ್ಧಿ ಬರುತ್ತೆ' ಅಂತಾರೆ, ಉಳಿದವರೆಲ್ಲ ಹೌದು ಹೌದು. ನೀವು ಕಮಿಟಿಯಲ್ಲಿದ್ದರೆ ಸ್ವಲ್ಪ ತಡೆಯಿರಿ.

ಇಸ್ರೇಲಿನ ಹೈಫಾದಲ್ಲಿ ಹತ್ತು ಡೇ-ಕೇರ್‌ಗಳಲ್ಲಿ ಗ್ನೀಜಿ ಮತ್ತು ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು, ಫಲಿತಾಂಶ ಪ್ರಕಟವಾಗಿದ್ದು 2000ದಲ್ಲಿ. ಮಗುವನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಅಂತ ಆರು ಕಡೆ ನಿಯಮ ತಂದರು. ತಡವಾಗಿ ಬರುವವರು ಹೆಚ್ಚುಕಡಿಮೆ ಎರಡು ಪಟ್ಟಾದರು! ಮೊದಲು 'ಪಾಪ, ಟೀಚರ್ ಕಾಯ್ತಿರ್ತಾರೆ' ಅನ್ನುವ ಸಂಕೋಚ ಇತ್ತು, ದಂಡ ಬಂದ ಮೇಲೆ ಅದು ಬರೀ ಫೀಸು, ಕೊಟ್ಟರೆ ಮುಗೀತು.

ಹಾಗಾಗಿ ಮೊದಲು ಕೇಳಿಕೊಳ್ಳಿ: ಜನರನ್ನು ಈಗ ತಡೆಯುತ್ತಿರುವುದು ದುಡ್ಡೋ, ದಾಕ್ಷಿಣ್ಯವೋ? ಮೇಂಟೆನೆನ್ಸ್ ಬಾಕಿ ದುಡ್ಡಿನ ವಿಷಯ, ಅಲ್ಲಿ ಲೇಟ್ ಫೀ ಧಾರಾಳವಾಗಿ ಹಾಕಿ. ಕಸ, ಕಾರಿಡಾರಿನ ಚಪ್ಪಲಿ ಸ್ಟ್ಯಾಂಡು, ರಾತ್ರಿ ಗಲಾಟೆ ಇವೆಲ್ಲ ದಾಕ್ಷಿಣ್ಯದ ಮೇಲೆ ನಡೆಯುವಂಥವು. ಅಲ್ಲಿ ಸಣ್ಣ ಫೈನ್ ಅಂದರೆ ತಪ್ಪು ಮಾಡಲು ಟಿಕೆಟ್ ಕೊಟ್ಟ ಹಾಗೆ.

ಆಮೇಲೆ ಕೆಳಗಿಳಿದು ಡಬ್ಬಿ ನೋಡಿ. ಬೆಂಗಳೂರಿನಲ್ಲಿ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಇದೆ: ಹಸಿರಿಗೆ ಹಸಿ ಕಸ, ಕೆಂಪಿಗೆ ಡೈಪರ್, ಪ್ಯಾಡ್‌ನಂಥದ್ದು, ಚೀಲಕ್ಕೆ ಒಣ ಕಸ. ನಿಮ್ಮಲ್ಲಿ ಆ ಕೆಂಪು ಡಬ್ಬಿ ಎಲ್ಲಿದೆ? ಬೇಸ್‌ಮೆಂಟಿನ ಮೂಲೆಯಲ್ಲಿದ್ದರೆ ಡೈಪರ್ ಹಸಿ ಕಸಕ್ಕೇ ಬೀಳುತ್ತದೆ, ಅದರಲ್ಲಿ ಸೋಮಾರಿತನ ಎಷ್ಟೋ, ಡಬ್ಬಿಯ ಜಾಗದ ತಪ್ಪೂ ಅಷ್ಟೇ. ಕಸ ತೆಗೆದುಕೊಳ್ಳುವ ಹೊತ್ತಿಗೆ ನೈಟ್ ಶಿಫ್ಟ್‌ನವರು ಮಲಗಿರುತ್ತಾರಾ? ಅಡುಗೆಗೆ ಬರುವ ಅಕ್ಕನಿಗೆ ಯಾರಾದರೂ ಹೇಳಿದ್ದಾರಾ? ಬಹಳಷ್ಟು ಮನೆಗಳಲ್ಲಿ ಕಸ ಹಾಕುವವರು ಗ್ರೂಪಿನಲ್ಲೇ ಇರುವುದಿಲ್ಲ, ನಾವು ಮಾತ್ರ ಅಲ್ಲಿ ಸುಮ್ನೆ ಕಿತ್ತಾಡುತ್ತಿರುತ್ತೇವೆ.

ಬಹುಮಾನ ಇಡೋಣ ಅನ್ನುವವರೂ ಇರುತ್ತಾರೆ. ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನ ಹನೋಯಿಯಲ್ಲಿ 1902ರ ಸುಮಾರಿಗೆ, ಇಲಿ ಕಾಟ ಇಳಿಯಲಿ ಅಂತ ಇಲಿ ಬಾಲ ತಂದವರಿಗೆ ದುಡ್ಡು ಕೊಟ್ಟರು. ಜನ ಬಾಲ ಕತ್ತರಿಸಿ ಇಲಿಯನ್ನು ಬಿಟ್ಟರು, ಮರಿ ಹಾಕಲಿ ಅಂತ. 'ಕಡಿಮೆ ದೂರು ಬಂದ ಫ್ಲೋರಿಗೆ ಬಹುಮಾನ' ಅಂದರೆ ದೂರು ಕಡಿಮೆಯಾಗುತ್ತದೆ, ಕಸ ಅಲ್ಲ. ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ತರಲೆ ಇರ್ತಾನೆ ಅಲ್ವಾ, ಅವನನ್ನು ಕೂರಿಸಿ ಕಾಫಿ ಕೊಟ್ಟು, ಕೆಲಸ ಮಾಡದೆ ಬಹುಮಾನ ಹೊಡೆಯೋದು ಹೇಗೆ ಅಂತ ಕೇಳಿ. ಅವನು ಹೇಳಿದ ತೂತು ಮುಚ್ಚದೆ ನೋಟಿಸ್ ಹಾಕಬೇಡಿ.

'ಮೂರು ತಿಂಗಳು ಫೈನ್ ಹಾಕಿ ನೋಡೋಣ, ಆಗದಿದ್ದರೆ ತೆಗೆಯೋಣ' ಅನ್ನುವುದು ಇನ್ನೂ ಅಪಾಯ. ಹೈಫಾದಲ್ಲಿ ದಂಡ ತೆಗೆದ ಮೇಲೂ ತಡವಾಗಿ ಬರುವುದು ಇಳಿಯಲಿಲ್ಲ, ಹೋದ ಸಂಕೋಚ ವಾಪಸ್ ಬರಲಿಲ್ಲ. ಪ್ರಯೋಗ ಬೇಕಿದ್ದರೆ ಡಬ್ಬಿಯ ಜಾಗ, ಕಸದ ಸಮಯ ಬದಲಿಸಿ, ಒಂದೇ ಬ್ಲಾಕಿನಲ್ಲಿ. ಅದೂ ಆಗದಿದ್ದರೆ ಫೈನ್ ಹಾಕಿ, ಆದರೆ ಜೇಬಿಗೆ ತಾಗುವಷ್ಟು, ಮತ್ತು ಅಧ್ಯಕ್ಷರ ಮನೆಯಿಂದಲೂ ವಸೂಲಿ ಮಾಡುವ ಧೈರ್ಯ ಇದ್ದರೆ ಮಾತ್ರ.